‘ನ್ಯೂಸ್’, ‘ಪೆನ್’, ‘ಟೀ’ ಪದಗಳಿಗೆ ಫುಲ್ ಫಾರ್ಮ್ ಇದೆಯೇ?

“ನ್ಯೂಸ್ ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್. ಟೀ ಎಂದರೆ ಟೇಸ್ಟ್ ಆ್ಯಂಡ್ ಎನರ್ಜಿ ಅಡ್ಮಿಟೆಡ್. ಮಕ್ಕಳಿಗೆ ಕಲಿಸಿ, ಶೇರ್ ಮಾಡಿ” ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ನಿಜವೇ? ಅಲ್ಲ. ಈ ಪದಗಳಿಗೆ ಫುಲ್ ಫಾರ್ಮ್ ಇಲ್ಲ, ಮೂಲ ಇದೆ. ಮಕ್ಕಳು ಇದನ್ನೇ ನಂಬಿ ಉತ್ತರ ಪತ್ರಿಕೆಯಲ್ಲಿ ಬರೆದರೆ ಅಂಕ ಹೋಗುತ್ತದೆ.

ನ್ಯೂಸ್: ಅರ್ಥ ಸುದ್ದಿ. ‘ಹೊಸದು’ ಎಂಬ ಅರ್ಥದ ‘ನ್ಯೂ’ ಪದದ ಬಹುವಚನವಾಗಿ ಹುಟ್ಟಿದ್ದು. ಆದರೆ ಬಳಕೆಯಲ್ಲಿ ಏಕವಚನ.
ಉದಾ: ದಿ ನ್ಯೂಸ್ ಈಸ್ ಗುಡ್. ಇಲ್ಲಿ ‘ಆರ್’ ಎಂದರೆ ತಪ್ಪು.

ಪೆನ್: ಗರಿ ಎಂಬ ಅರ್ಥದ ಲ್ಯಾಟಿನ್ ಪದ ‘ಪೆನ್ನ’ದಿಂದ ಬಂದಿದೆ. ಹಿಂದೆ ಹಕ್ಕಿಯ ಗರಿಯಿಂದಲೇ ಬರೆಯುತ್ತಿದ್ದರು.
ಉದಾ: ಮೇ ಐ ಬಾರೋ ಯುವರ್ ಪೆನ್? ಕೇಳಿ ಪಡೆಯುವುದು ‘ಬಾರೋ’, ಕೊಡುವುದು ‘ಲೆಂಡ್’.

ಟೀ: ಚೀನಾದ ಫುಜಿಯಾನ್ ಕರಾವಳಿಯ ‘ತೆ’ ಎಂಬ ಪದ. ನಮ್ಮ ‘ಚಹಾ’ ಕೂಡ ಚೀನಾದ ‘ಚಾ’ ಪದದಿಂದಲೇ ಬಂದದ್ದು.
ಉದಾ: ಶಿ ಡ್ರಿಂಕ್ಸ್ ಟೀ ಎವೆರಿ ಮಾರ್ನಿಂಗ್.

ಹಾಗಾದರೆ ಫುಲ್ ಫಾರ್ಮ್ ಇರುವ ಪದಗಳೇ ಇಲ್ಲವೇ? ಇವೆ. ‘ರೇಡಾರ್’ ಎಂದರೆ ರೇಡಿಯೋ ಡಿಟೆಕ್ಷನ್ ಆ್ಯಂಡ್ ರೇಂಜಿಂಗ್. ಆದರೆ ಇಂಥವು ಹೆಚ್ಚಾಗಿ 20ನೇ ಶತಮಾನದಲ್ಲಿ ಹುಟ್ಟಿದವು.

ಪದ ನೆನಪಿನಲ್ಲಿ ಉಳಿಯಲು ಏನು ಮಾಡಬೇಕು? ಅರ್ಥ ಬರೆದುಕೊಂಡು, ಸ್ವಂತ ವಾಕ್ಯ ಕಟ್ಟಿ. ಮರುದಿನ, ಮೂರು ದಿನದ ನಂತರ, ವಾರದ ನಂತರ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. ಹೀಗೆ ಬಿಡುವು ಕೊಟ್ಟು ಕಲಿತರೆ ಹೆಚ್ಚು ಉಳಿಯುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದರು.

ಮುಂದಿನ ಸಲ ಇಂಥ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ನಿಘಂಟು ನೋಡೋಣ.