ಅಂಗಡಿಯಲ್ಲ, ಮೇಳದ ಪೆಟ್ಟಿಗೆ: ತೊಗಲುಗೊಂಬೆ ಕಲಾವಿದರಿಗಾಗಿ ಒಂದು ಮೊಬೈಲ್ ಆ್ಯಪ್‌ನ ಮೂಲಮಾದರಿ

ಸಾಂಪ್ರದಾಯಿಕ ಕಲಾವಿದರಿಗೆ ಆ್ಯಪ್ ರೂಪಿಸಲು ಹೊರಟವರು ಬಹುಮಟ್ಟಿಗೆ ಅಂಗಡಿಯೊಂದನ್ನೇ ಕಟ್ಟುತ್ತಾರೆ: ಕಲಾವಿದನ ಹೆಸರು, ಭಾವಚಿತ್ರ, ವಸ್ತುವಿನ ಚಿತ್ರ, ಬೆಲೆ, ಕೊಳ್ಳುವ ಗುಂಡಿ. ಚನ್ನಪಟ್ಟಣದ ಆಟಿಕೆಗೆ, ಕಿನ್ನಾಳದ ಬಣ್ಣದ ಗೊಂಬೆಗೆ ಈ ಮಾದರಿ ಒಂದು ಮಟ್ಟಿಗೆ ಒಗ್ಗೀತು. ಕೊಳ್ಳುವವರ ಕೈ ಸೇರಲೆಂದೇ ಅವು ಸಿದ್ಧವಾಗುತ್ತವೆ. ತೊಗಲುಗೊಂಬೆಯಾಟದ ಮೇಳಗಳಿಗೆ ಅದೇ ಮಾದರಿಯನ್ನು ಹೇರಿದರೆ ಹಾನಿಯೇ ಹೆಚ್ಚು ಎಂಬುದು ಈ ಲೇಖನದ ವಾದ. ಇಲ್ಲಿ ಗೊಂಬೆ ಸರಕಲ್ಲ, ಪಾತ್ರಧಾರಿ. ಅದು ಮಾರಾಟವಾದರೆ ಮೇಳದಿಂದ ಒಂದು ಪಾತ್ರವೇ ಕಳಚಿಹೋಗುತ್ತದೆ.

ಶಿಳ್ಳೇಕ್ಯಾತ, ಕಿಳ್ಳೇಕ್ಯಾತ, ಗೊಂಬೆರಾಮ ಎಂದು ಪ್ರದೇಶಕ್ಕೊಂದು ಹೆಸರಿನಿಂದ ಗುರುತಿಸಿಕೊಳ್ಳುವ, ತೊಗಲುಗೊಂಬೆ ಆಡಿಸುವ ಸಮುದಾಯದ ಮನೆಮಾತು ಮರಾಠಿಗೆ ಹತ್ತಿರದ್ದು. ಆಟ ನಡೆಯುವುದು ಕನ್ನಡದಲ್ಲಿ, ಗಡಿಯತ್ತ ತೆಲುಗಿನಲ್ಲೂ. ಮೇಳವೆಂದರೆ ಸಾಮಾನ್ಯವಾಗಿ ಒಂದು ಕುಟುಂಬ. ಒಬ್ಬರು ಗೊಂಬೆ ಆಡಿಸಿದರೆ ಇನ್ನೊಬ್ಬರು ಹಾಡುತ್ತಾರೆ, ಮತ್ತೊಬ್ಬರು ತಾಳ ಹಿಡಿಯುತ್ತಾರೆ. ಹೆಂಗಸರು ಪರದೆಯ ಹಿಂದೆ ಕೂತು ಸ್ತ್ರೀಪಾತ್ರಗಳಿಗೆ ದನಿಯಾಗುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಈ ಕಲೆಯಲ್ಲಿ ಹೆಣ್ಣಿನ ಪಾಲು ಎಷ್ಟು ದೊಡ್ಡದೆಂಬುದು ಹೊರಜಗತ್ತಿಗೂ ಕಂಡಿತು.

ಮೂಲಮಾದರಿಯ ಮೊದಲ ನಿರ್ಧಾರ ಇಲ್ಲಿಂದಲೇ ಹುಟ್ಟಬೇಕು. ಚಾಲ್ತಿಯಲ್ಲಿರುವ ಆ್ಯಪ್‌ಗಳು ಒಂದು ಫೋನ್ ಸಂಖ್ಯೆಗೆ ಒಬ್ಬ ಬಳಕೆದಾರ ಎಂದು ಎಣಿಸುತ್ತವೆ. ಫೋನ್ ಮನೆಯ ಹುಡುಗನ ಕೈಯಲ್ಲಿರುತ್ತದೆ, ಪ್ರಸಂಗ ಅಜ್ಜಿಯ ನಾಲಿಗೆಯ ಮೇಲಿರುತ್ತದೆ. ಖಾತೆ ಹುಡುಗನ ಹೆಸರಿನಲ್ಲಿ ತೆರೆದರೆ ಅಜ್ಜಿಯ ವಿದ್ಯೆ ದಾಖಲೆಯಲ್ಲಿ ಅವನದಾಗುತ್ತದೆ. ಆದ್ದರಿಂದ ಖಾತೆ ಮೇಳದ್ದಾಗಿರಬೇಕು. ಪ್ರತಿಯೊಂದು ಧ್ವನಿಮುದ್ರಣದ ಜೊತೆಗೂ ಹಾಡಿದವರು, ಆಡಿಸಿದವರು, ಕಲಿಸಿದವರು ಯಾರೆಂಬುದು ಅವರವರ ದನಿಯಲ್ಲೇ ದಾಖಲಾಗಬೇಕು.

ಅಕ್ಷರದ ಪ್ರಶ್ನೆ ಇದಕ್ಕಿಂತ ಸುಲಭ, ಏಕೆಂದರೆ ಅದರಲ್ಲಿ ದಾರಿ ತೋರಿದವರಿದ್ದಾರೆ. ಬೆಂಗಳೂರಿನ ಮನೆಗೆಲಸದ ಮಹಿಳೆಯರೊಡನೆ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ, ಬರಹವಿಲ್ಲದೆ ಚಿತ್ರ ಮತ್ತು ದನಿಯಿಂದಲೇ ನಡೆಯುವ ಪರದೆಯನ್ನು ಓದು ಬಾರದವರೂ ಬಳಸಬಲ್ಲರೆಂದು ತೋರಿಸಿತು. ಒಂದರೊಳಗೊಂದು ತೆರೆದುಕೊಳ್ಳುವ ಪಟ್ಟಿಗಳು ಕಡಿಮೆ ಓದಿದವರಿಗೆ ತೊಡಕಾಗುತ್ತವೆಂಬುದು ಅದೇ ಸಂಶೋಧಕರ ಮುಂದಿನ ಕೆಲಸದಿಂದ ತಿಳಿಯಿತು. ತೊಗಲುಗೊಂಬೆಯ ಮೇಳಕ್ಕೆ ಇಲ್ಲೊಂದು ಸಹಜ ಅನುಕೂಲವಿದೆ. ಕರ್ನಾಟಕದ ಗೊಂಬೆಗಳಲ್ಲಿ ಎಷ್ಟೋ ಬಿಡಿ ಪಾತ್ರಗಳಲ್ಲ. ರಥ, ಕುದುರೆ, ಸಾರಥಿ, ವೀರ ಎಲ್ಲ ಕೂಡಿ ಒಂದಿಡೀ ಸನ್ನಿವೇಶವೇ ಒಂದು ತೊಗಲಿನಲ್ಲಿ ಕೊರೆದಿರುತ್ತದೆ. ಹೀಗಾಗಿ ಹೊಸ ಸಂಕೇತಗಳನ್ನು ಬರೆಸುವ ಅಗತ್ಯವೇ ಇಲ್ಲ. ಗೊಂಬೆಯ ಚಿತ್ರವನ್ನು ಮುಟ್ಟಿದರೆ ಆ ಸನ್ನಿವೇಶದ ಹಾಡು, ಮಾತು ಕೇಳಬೇಕು. ಬೆರಳು ಸರಿಸಿದರೆ ಆಟದ ಕ್ರಮದಲ್ಲೇ ಮುಂದಿನ ಗೊಂಬೆ ಬರಬೇಕು. ಗಣಪತಿ, ಸರಸ್ವತಿಯರಿಂದ ಆಟ ಮೊದಲಾಗುವಂತೆ ಆ್ಯಪ್ ಕೂಡ ಅಲ್ಲಿಂದಲೇ ತೆರೆದುಕೊಳ್ಳಲಿ.

ಕಠಿಣವಾದದ್ದು ಅನುಮತಿಯ ಪ್ರಶ್ನೆ, ವಿನ್ಯಾಸಕಾರರು ಹೆಚ್ಚಾಗಿ ಕೊನೆಗೆ ಬಿಡುವುದೂ ಅದನ್ನೇ. ಹಳೆಯ ಗೊಂಬೆಗಳಲ್ಲಿ ಕೆಲವು ಜಿಂಕೆಯ ತೊಗಲಿನವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಥ ವಸ್ತುವಿನ ವ್ಯಾಪಾರ ಅಪರಾಧ. ಅದೇ ವರ್ಷದ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಅಜ್ಜನ ಕಾಲದ ಗೊಂಬೆಯೊಂದರ ಚಿತ್ರವನ್ನು, ಊರಿನ ನಕಾಶೆಯ ಸಮೇತ, ಬೆಲೆ ಹಚ್ಚಿ ಆ್ಯಪ್ ಪ್ರಕಟಿಸಿತು ಎನ್ನೋಣ. ಕಾನೂನಿನ ತೊಡಕು ಕುಟುಂಬದ ತಲೆಗೆ, ಮನೆ ಬಾಗಿಲಿಗೆ ಬರುವ ದಲ್ಲಾಳಿಗೆ ಮಾತ್ರ ಲಾಭ. ನೆರವಿಗೆಂದು ಮಾಡಿದ ಸಾಧನ ಕುಟುಂಬದ ಆಸ್ತಿಯನ್ನು ಬರಿದು ಮಾಡುವುದು ಹೀಗೆ.

ಹಕ್ಕುಸ್ವಾಮ್ಯದ ಮಾತೂ ಇದೆ. 1957ರ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. ಅದರ ವ್ಯಾಖ್ಯೆಯಲ್ಲಿ ನಟ, ಗಾಯಕ, ದೊಂಬರಾಟದವ, ಹಾವಾಡಿಗರೆಲ್ಲ ಇದ್ದಾರೆ. ಗೊಂಬೆಯಾಡಿಸುವವನ ಹೆಸರಿಲ್ಲದಿದ್ದರೂ ಪ್ರದರ್ಶನ ನೀಡುವ ಬೇರೆ ಯಾರಾದರೂ ಎಂಬ ಮಾತು ಅವನನ್ನೂ ಒಳಗೊಳ್ಳುತ್ತದೆ. ಈ ಹಕ್ಕನ್ನು ಆ್ಯಪ್ ತನ್ನ ಷರತ್ತುಗಳ ಉದ್ದ ಪುಟದಲ್ಲಿ ಹೂತುಬಿಡಬಾರದು.

ಆಸ್ಟ್ರೇಲಿಯದ ಟೆನೆಂಟ್ ಕ್ರೀಕ್‌ನ ವರುಮುಂಗು ಸಮುದಾಯದೊಡನೆ ರೂಪುಗೊಂಡ ಮುಕುರ್ತು ಎಂಬ ದಾಖಲಾತಿ ವ್ಯವಸ್ಥೆಯಲ್ಲಿ ಯಾವ ಚಿತ್ರವನ್ನು ಯಾರು ನೋಡಬಹುದೆಂಬುದು ಸಮುದಾಯದ ಕಟ್ಟಳೆಯಂತೆ ನಿರ್ಧಾರವಾಗುತ್ತದೆ. ನಮ್ಮ ಮೂಲಮಾದರಿಗೂ ಅದೇ ಅಡಿಪಾಯ ಬೇಕು. ಧ್ವನಿ ಮುದ್ರಿಸಿದ ಕೂಡಲೇ ಆ್ಯಪ್ ದನಿಯಲ್ಲಿ ಕೇಳಬೇಕು: ಇದು ಮನೆಯವರಿಗೆ ಮಾತ್ರವೋ, ಬೇರೆ ಮೇಳಗಳಿಗೂ ಆದೀತೋ, ಎಲ್ಲರಿಗೂ ಆದೀತೋ? ಉತ್ತರ ಬಾರದಿದ್ದರೆ ಅದು ಮನೆಯೊಳಗೇ ಉಳಿಯಬೇಕು. ಒಮ್ಮೆ ಕೊಟ್ಟ ಅನುಮತಿಯನ್ನು ಹಿಂಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಸವೆದ ಗೊಂಬೆಯನ್ನು ಹೊಳೆಗೆ ಬಿಡುವ ರೂಢಿಯುಳ್ಳವರಿಗೆ ಅಳಿಸುವ ಹಕ್ಕೂ ಬೇಕು. ಎಲ್ಲವೂ ಶಾಶ್ವತವಾಗಿ ಉಳಿಯಬೇಕೆಂಬುದು ಸಂಗ್ರಹಾಲಯದ ಹಂಬಲ. ಮೇಳದ ಹಂಬಲವೂ ಅದೇ ಎಂದು ಭಾವಿಸಲು ಆಧಾರವಿಲ್ಲ.

ಹಾಗಾದರೆ ಸಂಪಾದನೆ? ಆಟದ ಆಹ್ವಾನಕ್ಕೆ ಆ್ಯಪ್‌ನಲ್ಲಿ ಖಂಡಿತ ಜಾಗವಿರಲಿ. ಜಾತ್ರೆ ಸಮಿತಿ, ಶಾಲೆ, ಉತ್ಸವದ ಸಂಘಟಕರು ಮೇಳವನ್ನು ಕರೆಯಲಿ. ಮಾತುಕತೆ ಫೋನ್ ಕರೆಯಲ್ಲಿ ನಡೆಯಲಿ, ಮುಂಗಡ ಯುಪಿಐ ಮೂಲಕ ಬರಲಿ. ಗೊಂಬೆ ಮಾರಲು ಇಚ್ಛಿಸುವ ಕುಟುಂಬ ಮಾರಾಟಕ್ಕೆಂದೇ ಆಡಿನ ತೊಗಲಿನಲ್ಲಿ ಹೊಸದಾಗಿ ಮಾಡಿದ್ದನ್ನು ಪ್ರತ್ಯೇಕ ವಿಭಾಗದಲ್ಲಿ ಇಡಬಹುದು. ಆಂಧ್ರದ ನಿಮ್ಮಲಕುಂಟದಲ್ಲಿ ತೊಗಲಿನ ದೀಪದ ಕವಚಗಳು ಹಲವು ಮನೆಗಳಿಗೆ ಅನ್ನ ಕೊಟ್ಟಿವೆ.

ಪರೀಕ್ಷೆಗೆ ಮೊದಲೇ ಆ್ಯಪ್‌ನ ಕೋಡ್ ಬರೆಯಬೇಕಿಲ್ಲ. ಗೊಂಬೆಗಳ ಚಿತ್ರಗಳನ್ನು ಕಾಗದದ ತುಂಡುಗಳಾಗಿ ಕತ್ತರಿಸಿ, ಮನೆಮಂದಿ ಎಲ್ಲ ಕೂತ ಹೊತ್ತಿನಲ್ಲಿ ನೆಲದ ಮೇಲೆ ಹರಡಿದರೆ ಸಾಕು. ಕ್ರಮವನ್ನು ಅವರೇ ಜೋಡಿಸುತ್ತಾರೆ, ತೋರಬಾರದ್ದನ್ನು ಅವರೇ ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಟ್ಟ ಆ ರಾಶಿಯೇ ವಿನ್ಯಾಸಕಾರನಿಗೆ ಸಿಗುವ ಅತ್ಯಂತ ಬೆಲೆಯುಳ್ಳ ಮಾಹಿತಿ.

ಇಂಥ ಯೋಜನೆಗಳಿಗೆ ಹಣ ಕೊಡುವ ಸಂಸ್ಥೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಒಂದು ಕೋರಿಕೆ. ಅನುದಾನ ಮುಗಿದು ಸರ್ವರ್ ನಿಂತರೂ ಮೇಳದ ದನಿ ಮೇಳದಲ್ಲೇ ಉಳಿಯುವಂತೆ, ಎಲ್ಲ ಮುದ್ರಣಗಳನ್ನೂ ಅವರ ಮೆಮೊರಿ ಕಾರ್ಡಿಗೆ ಇಳಿಸಿಕೊಡುವ ಷರತ್ತನ್ನು ಒಪ್ಪಂದದ ಮೊದಲ ಪುಟದಲ್ಲೇ ಸೇರಿಸಿ.