ಡಿವಿಡಿ ಬರ್ನಿಂಗ್ ವೈಫಲ್ಯ: ಹಳೆಯ ಡ್ರೈವ್‌ಗಳ ದೋಷಪತ್ತೆ

ಕಂಪ್ಯೂಟರಿನ ಡಿವಿಡಿ ರೈಟರ್ ಖಾಲಿ ಡಿಸ್ಕನ್ನು ಗುರುತಿಸದಿರಬಹುದು, ಬರೆಯುತ್ತ ಬರೆಯುತ್ತ ಅರ್ಧಕ್ಕೆ ನಿಲ್ಲಬಹುದು, ಇಲ್ಲವೇ ಮುಗಿಯಿತೆಂದು ಹೊರಗೆ ತಳ್ಳಿದ ಡಿಸ್ಕ್ ಬೇರೆಲ್ಲೂ ಓಡದಿರಬಹುದು. ಈ ಮೂರಕ್ಕೂ ಬರ್ನಿಂಗ್ ವೈಫಲ್ಯ ಎಂದೇ ಹೆಸರು. ಹೊಸ ಡ್ರೈವ್‌ನಲ್ಲೂ ಹೀಗಾಗುವುದುಂಟು. ಹತ್ತು ಹದಿನೈದು ವರ್ಷ ದುಡಿದ ಡ್ರೈವ್‌ನಲ್ಲಾದರೆ ಹಲವು ಕಾರಣಗಳು ಒಂದರ ಮೇಲೊಂದು ಕೂಡಿಕೊಂಡಿರುತ್ತವೆ. ಮೊದಲು ಬೈಸಿಕೊಳ್ಳುವುದು ಸಾಮಾನ್ಯವಾಗಿ ತಂತ್ರಾಂಶ. ಆದರೆ ದೋಷ ಹೆಚ್ಚಾಗಿ ಇರುವುದು ಲೇಸರ್ ಮತ್ತು ಡಿಸ್ಕಿನ ನಡುವೆ. ಕೆಲಸ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಗಮನಿಸಿದರೆ ಕಾರಣದ ಸುಳಿವು ಬಹುಪಾಲು ಅಲ್ಲೇ ಸಿಗುತ್ತದೆ.

ಡಿವಿಡಿ ಪ್ಲೇಯರ್‌ಗಳು 1996ರ ನವೆಂಬರಿನಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದವು. ಒಮ್ಮೆ ಬರೆಯಬಹುದಾದ ಡಿವಿಡಿ-ಆರ್ ಪಯೊನೀರ್ ಕಂಪನಿಯಿಂದ 1997ರಲ್ಲಿ ಬಂತು, ಪ್ರತಿಸ್ಪರ್ಧಿ ಕಂಪನಿಗಳ ಗುಂಪಿನ ಡಿವಿಡಿ+ಆರ್ 2002ರಲ್ಲಿ. ಎರಡನ್ನೂ ಬರೆಯಬಲ್ಲ ಸೋನಿಯ ಡಿಆರ್‌ಯು-500ಎ ಡ್ರೈವ್ ಅದೇ 2002ರದ್ದು. ಅದಕ್ಕೂ ಹಿಂದಿನ ಡ್ರೈವ್‌ಗಳು ‘ಮೈನಸ್’ ಅಥವಾ ‘ಪ್ಲಸ್’ ಯಾವುದಾದರೊಂದನ್ನು ಮಾತ್ರ ಬರೆಯುತ್ತಿದ್ದವು. ಅದೇ ಕಾಲದ ‘ಕಾಂಬೊ’ ಡ್ರೈವ್‌ಗಳು ಡಿವಿಡಿಯನ್ನು ಓದುತ್ತಿದ್ದವು, ಆದರೆ ಬರೆಯುತ್ತಿದ್ದುದು ಸಿಡಿಯನ್ನಷ್ಟೇ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಹೊರಗೆ ತೆಗೆದವರು ಮೊದಲು ನೋಡಬೇಕಾದದ್ದು ಟ್ರೇ ಮುಖದ ಮೇಲಿನ ಮುದ್ರೆ. ಕಾಂಬೊ ಡ್ರೈವ್‌ಗೆ ಎಷ್ಟು ಖಾಲಿ ಡಿವಿಡಿ ತಂದು ಹಾಕಿದರೂ ಪ್ರಯೋಜನವಿಲ್ಲ.

ಬರೆಯುವ ಕ್ರಮ

ಅಂಗಡಿಯ ಸಿನಿಮಾ ಡಿವಿಡಿಯಲ್ಲಿ ಮಾಹಿತಿ ಸೂಕ್ಷ್ಮ ಕುಳಿಗಳಾಗಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುತ್ತದೆ. ಮನೆಯಲ್ಲಿ ಬರೆಯುವ ಡಿಸ್ಕಿನ ರಚನೆ ಬೇರೆ. 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ತಟ್ಟೆಗಳನ್ನು ಅಂಟಿಸಿ, ನಡುವೆ ಸಾವಯವ ಬಣ್ಣದ ತೆಳು ಪದರವನ್ನೂ ಬೆಳಕನ್ನು ಹಿಂದಿರುಗಿಸುವ ಲೋಹದ ಪದರವನ್ನೂ ಕೂರಿಸಿರುತ್ತಾರೆ. 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಆ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಸುಡುತ್ತದೆ. ಸುಟ್ಟ ಜಾಗ ಮಂಕಾಗುತ್ತದೆ, ಸುಡದ ಜಾಗ ಹೊಳೆಯುತ್ತದೆ. ಮಾಹಿತಿ ಸಾಗುವ ಸುರುಳಿಯಾಕಾರದ ಸಾಲಿನ ಸುತ್ತಿನಿಂದ ಸುತ್ತಿಗೆ ಇರುವ ಅಂತರ 0.74 ಮೈಕ್ರಾನ್, ಸಿಡಿಯಲ್ಲಿ ಇದು 1.6 ಮೈಕ್ರಾನ್. ಸಿಡಿ ಸಹಿಸಿಕೊಳ್ಳುವ ದೂಳು, ಅಲುಗಾಟ, ಓರೆಗಳನ್ನು ಡಿವಿಡಿ ಸಹಿಸದಿರುವುದು ಇದರಿಂದಲೇ.

ಓದಲು ಡಿಸ್ಕಿನ ಮೇಲೆ ಒಂದು ಮಿಲಿವ್ಯಾಟ್ ಆಸುಪಾಸಿನ ಬೆಳಕು ಬಿದ್ದರೆ ಸಾಕು. ವೇಗವಾಗಿ ಬರೆಯಲು ಅದರ ಹತ್ತಾರು ಪಟ್ಟು ಬೇಕು. ಹೀಗಾಗಿ ಮುಪ್ಪಾದ ಲೇಸರ್ ಓದುವ ಕೆಲಸವನ್ನು ಇನ್ನೂ ವರ್ಷಗಟ್ಟಲೆ ಮಾಡಿಕೊಂಡಿರಬಹುದು, ಬರೆಯಹೊರಟಾಗ ಮಾತ್ರ ಸೋಲುತ್ತದೆ. ‘ಸಿನಿಮಾ ಓಡುತ್ತದಲ್ಲ, ಡ್ರೈವ್ ಚೆನ್ನಾಗಿಯೇ ಇದೆ’ ಎಂಬ ಮಾತನ್ನು ದೋಷಪತ್ತೆಯಲ್ಲಿ ಲೆಕ್ಕಕ್ಕೆ ಹಿಡಿಯಬಾರದು. ಇನ್ನೊಂದು ಸಂಗತಿ: ಸಿಡಿಗೆ ಬೇಕಾದ 780 ನ್ಯಾನೊಮೀಟರ್ ಬೆಳಕಿಗೆ ಬೇರೆಯದೇ ಲೇಸರ್ ಇರುತ್ತದೆ. ಡ್ರೈವ್ ಸಿಡಿಗಳನ್ನು ಸಲೀಸಾಗಿ ಓದಿ ಬರೆದು, ಡಿವಿಡಿಗಳನ್ನು ಮಾತ್ರ ಒಂದೂ ಬಿಡದೆ ತಿರಸ್ಕರಿಸಿದರೆ ಕೆಂಪು ಲೇಸರಿನ ಕಾಲ ಮುಗಿದಿದೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು.

ಡಿಸ್ಕ್ ಮತ್ತು ಫರ್ಮ್‌ವೇರ್

ಪ್ರತಿ ಖಾಲಿ ಡಿಸ್ಕಿನಲ್ಲೂ ಅದನ್ನು ತಯಾರಿಸಿದ ಕಾರ್ಖಾನೆಯ ಗುರುತುಸಂಕೇತ ಅಡಗಿರುತ್ತದೆ. ಪ್ಲಸ್ ಡಿಸ್ಕಿನಲ್ಲಿ ಅದು ಸುರುಳಿಯ ಸಣ್ಣ ತೊನೆದಾಟದಲ್ಲಿದ್ದರೆ, ಮೈನಸ್ ಡಿಸ್ಕಿನಲ್ಲಿ ಸಾಲುಗಳ ನಡುವೆ ಮೊದಲೇ ಅಚ್ಚಾದ ಕುಳಿಗಳಲ್ಲಿರುತ್ತದೆ. ಡ್ರೈವ್ ಆ ಸಂಕೇತವನ್ನು ಓದಿ ತನ್ನೊಳಗಿನ ನಿಯಂತ್ರಣ ತಂತ್ರಾಂಶವಾದ ಫರ್ಮ್‌ವೇರಿನಲ್ಲಿರುವ ಪಟ್ಟಿಯೊಡನೆ ಹೋಲಿಸುತ್ತದೆ. ಯಾವ ಡಿಸ್ಕಿಗೆ ಎಷ್ಟು ಶಾಖ, ಎಷ್ಟು ಹೊತ್ತಿನ ಮಿಡಿತ, ಗರಿಷ್ಠ ವೇಗ ಎಷ್ಟು ಎಂಬ ವಿವರವೆಲ್ಲ ಆ ಪಟ್ಟಿಯಲ್ಲಿದೆ. 2006ರಲ್ಲಿ ತಯಾರಾಗಿ, ಆಮೇಲೆ ಫರ್ಮ್‌ವೇರ್ ಬದಲಾಗದ ಡ್ರೈವ್‌ಗೆ ಅನಂತರ ಹುಟ್ಟಿದ ಡಿಸ್ಕುಗಳ ಪರಿಚಯವೇ ಇರುವುದಿಲ್ಲ. ಆಗ ಅದು ಸಾಮಾನ್ಯ ಲೆಕ್ಕವೊಂದನ್ನು ಹಿಡಿದು ಬರೆಯುತ್ತದೆ. ಹೊಸ ಅಕ್ಕಿಗೆ ಹಳೆ ಅಕ್ಕಿಯ ಅಳತೆಯಲ್ಲಿ ನೀರಿಟ್ಟಂತೆ ಇದು. ಒಮ್ಮೊಮ್ಮೆ ಅನ್ನವಾಗುತ್ತದೆ, ಬಹಳ ಸಲ ಗಂಜಿಯಾಗುತ್ತದೆ.

ಡ್ರೈವ್ ತಯಾರಕರು ಕೊನೆಯದಾಗಿ ಹೊರತಂದ ಫರ್ಮ್‌ವೇರನ್ನು ಹಾಕಿಕೊಂಡರೆ ಈ ತೊಂದರೆ ಎಷ್ಟೋ ಸಲ ನೀಗುತ್ತದೆ. ಆದರೆ ಮಾದರಿ ಸಂಖ್ಯೆ ಅಕ್ಷರ ಬಿಡದಂತೆ ಹೊಂದಬೇಕು, ಹಾಕುವಾಗ ಕರೆಂಟು ಹೋಗಬಾರದು. ಅರ್ಧಕ್ಕೆ ನಿಂತರೆ ಡ್ರೈವ್ ಮತ್ತೆ ಏಳದೇ ಹೋಗಬಹುದು.

ಡಬ್ಬಿಯ ಮೇಲಿನ ಬ್ರ್ಯಾಂಡನ್ನು ನಂಬುವಂತಿಲ್ಲ. ಒಂದೇ ಬ್ರ್ಯಾಂಡಿನ ಎರಡು ಡಬ್ಬಿಗಳಲ್ಲಿ ಎರಡು ಕಾರ್ಖಾನೆಗಳ ಡಿಸ್ಕುಗಳಿರುವುದು ಈ ವ್ಯಾಪಾರದಲ್ಲಿ ಮಾಮೂಲು. ಇಮ್ಗ್‌ಬರ್ನ್‌ನಂಥ ಉಚಿತ ತಂತ್ರಾಂಶ ನಿಜವಾದ ಸಂಕೇತವನ್ನು ತೋರಿಸುತ್ತದೆ. ಗುಣಮಟ್ಟಕ್ಕೆ ಹೆಸರಾಗಿದ್ದ ಜಪಾನಿನ ತೈಯೊ ಯೂಡೆನ್ 2015ರಲ್ಲಿ ಈ ಉದ್ಯಮದಿಂದ ಹೊರನಡೆಯಿತು. 1983ರಲ್ಲಿ ಆರಂಭವಾಗಿ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿದ್ದ ಭಾರತದ ಮೋಸರ್ ಬೇರ್ ದಿವಾಳಿಯಾಗಿ, 2018ರಲ್ಲಿ ಅದರ ಆಸ್ತಿ ವಿಲೇವಾರಿಗೆ ಆದೇಶವಾಯಿತು. ಈಗ ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕ್ ಹೊಸದೋ, ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದದ್ದೋ ಎಂದು ನೋಡಿದರೆ ತಿಳಿಯದು. ಬರೆಯದ ಡಿಸ್ಕಿನ ಬಣ್ಣವೂ ಕಾಲ ಕಳೆದಂತೆ ಕೆಡುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಭಾಗವಹಿಸಿದ್ದ 2003ರ ಕೈಪಿಡಿಯೊಂದು ಖಾಲಿ ಡಿಸ್ಕಿನ ಆಯುಸ್ಸನ್ನು ಎಚ್ಚರಿಕೆಯ ಅಂದಾಜಿನಲ್ಲಿ 5ರಿಂದ 10 ವರ್ಷ ಎಂದಿತ್ತು. ಬಿಸಿಲು ಮತ್ತು ತೇವ ಈ ಅವಧಿಯನ್ನು ಇನ್ನೂ ಕುಗ್ಗಿಸುತ್ತವೆ.

ನಿಂತ ಹಂತ ಹೇಳುವ ಕಾರಣ

ಬರೆಯುವ ಮುನ್ನ ಡ್ರೈವ್ ಡಿಸ್ಕಿನ ಒಳಅಂಚಿನ ಮೀಸಲು ಜಾಗದಲ್ಲಿ ಲೇಸರಿನ ಶಕ್ತಿಯನ್ನು ಏರಿಳಿಸಿ ಪರೀಕ್ಷಿಸಿಕೊಳ್ಳುತ್ತದೆ. ಇದಕ್ಕೆ ಶಕ್ತಿ ಹೊಂದಾಣಿಕೆ ಅಥವಾ ಪವರ್ ಕ್ಯಾಲಿಬ್ರೇಷನ್ ಎಂದು ಹೆಸರು. ಆರಂಭದಲ್ಲೇ ‘ಪವರ್ ಕ್ಯಾಲಿಬ್ರೇಷನ್ ಏರಿಯಾ ಎರರ್’ ಬಂದರೆ ಆ ಡಿಸ್ಕಿಗೆ ತಕ್ಕ ಶಕ್ತಿ ಡ್ರೈವ್‌ಗೆ ಸಿಗಲಿಲ್ಲ ಎಂದರ್ಥ. ತಂತ್ರಾಂಶದ ದಾಖಲೆಯಲ್ಲಿ ಇದು 73/03 ಎಂಬ ಸಂಕೇತವಾಗಿ ಕಾಣುತ್ತದೆ. ಬೇರೆ ಕಾರ್ಖಾನೆಯ ಡಿಸ್ಕ್ ಹಾಕಿ ನೋಡಬೇಕು. ಹಲವು ಕಾರ್ಖಾನೆಗಳ ಡಿಸ್ಕಿಗೂ ಇದೇ ಉತ್ತರ ಬಂದರೆ ಲೆನ್ಸಿಗೆ ದೂಳು ಕಟ್ಟಿರಬೇಕು, ಇಲ್ಲವೇ ಲೇಸರ್ ದಣಿದಿರಬೇಕು. ಕಂಪ್ಯೂಟರನ್ನು ಮತ್ತೆ ಮತ್ತೆ ಆನ್ ಆಫ್ ಮಾಡಿ ಯಾರೂ ಈ ದೋಷವನ್ನು ಓಡಿಸಿದ್ದಿಲ್ಲ.

ಡ್ರೈವ್ ಒಳಗಿನಿಂದ ಹೊರಕ್ಕೆ ಬರೆಯುತ್ತ ಹೋಗುತ್ತದೆ. ಆರಂಭ ಚೆನ್ನಾಗಿದ್ದು, ಮುಕ್ಕಾಲು ಭಾಗ ದಾಟಿದ ಮೇಲೆ ಕೆಲಸ ನಿಂತರೆ ಹೊರಅಂಚನ್ನು ಅನುಮಾನಿಸಬೇಕು. ಡಿಸ್ಕ್ ಸ್ವಲ್ಪ ಡೊಂಕಾಗಿದ್ದರೆ ಅದರ ಓರೆ ಹೆಚ್ಚಾಗಿ ಕಾಣುವುದು ಅಲ್ಲೇ, ಬಣ್ಣದ ಪದರ ಹದ ತಪ್ಪುವುದೂ ಅಲ್ಲೇ. ಜತೆಗೆ ಬಹುತೇಕ ಡ್ರೈವ್‌ಗಳು ಅಂಚಿನತ್ತ ಹೋದಂತೆ ವೇಗ ಹೆಚ್ಚಿಸಿಕೊಳ್ಳುತ್ತವೆ. ದುರ್ಬಲ ಲೇಸರ್ ಸೋಲುವುದು ಈ ವೇಗಕ್ಕೆ. ಡಿಸ್ಕಿನ ಸಾಮರ್ಥ್ಯ 4.7 ಶತಕೋಟಿ ಬೈಟ್ ಇದ್ದರೂ ಹಳೆಯ ಡ್ರೈವ್‌ನಲ್ಲಿ ನಾಲ್ಕರ ಒಳಗೆ ನಿಲ್ಲಿಸಿ ಅಂಚನ್ನು ಖಾಲಿ ಬಿಡುವುದು ಜಾಣತನ.

ವೇಗದ ಬಗ್ಗೆ ಒಂದು ತಪ್ಪುಕಲ್ಪನೆ ಬೇರೂರಿದೆ: ಎಷ್ಟು ನಿಧಾನವೋ ಅಷ್ಟು ಒಳ್ಳೆಯದು ಎಂದು. ಡಿವಿಡಿಯ 1ಎಕ್ಸ್ ವೇಗ ಎಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್, ಆ ವೇಗದಲ್ಲಿ ತುಂಬು ಡಿಸ್ಕಿಗೆ ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ. 16ಎಕ್ಸ್‌ಗೆಂದು ತಯಾರಾದ ಡಿಸ್ಕಿನ ಬಣ್ಣವನ್ನು ಹೊಂದಿಸಿರುವುದು ಕ್ಷಿಪ್ರ ಮಿಡಿತಗಳಿಗೆ. ಅದನ್ನು ತೀರಾ ನಿಧಾನವಾಗಿ ಸುಟ್ಟರೆ ಫಲಿತಾಂಶ ಕೆಡುವುದೂ ಉಂಟು. 4ಎಕ್ಸ್‌ನಿಂದ 8ಎಕ್ಸ್ ನಡುವಿನ ವೇಗ ಹಳೆಯ ಡ್ರೈವ್‌ಗೂ ಈಚಿನ ಡಿಸ್ಕಿಗೂ ಹಿತ.

ಕೊನೆಯ ಹಂತ ‘ಫೈನಲೈಸ್’, ಅಂದರೆ ಡಿಸ್ಕನ್ನು ಮುಚ್ಚುವುದು. ನೂರಕ್ಕೆ ನೂರು ಬರೆದು ಇಲ್ಲಿ ಎಡವಿದ ಡಿಸ್ಕ್ ಬರೆದ ಡ್ರೈವ್‌ನಲ್ಲಿ ಓಡಬಹುದು, ಟಿವಿಯ ಪಕ್ಕದ ಪ್ಲೇಯರಿನಲ್ಲಿ ಓಡುವುದಿಲ್ಲ. ಅಂಥ ಡಿಸ್ಕನ್ನು ಇಮ್ಗ್‌ಬರ್ನ್‌ನಲ್ಲಿ ಇನ್ನೊಮ್ಮೆ ಮುಚ್ಚಿ ನೋಡಬಹುದು, ಕೆಲವು ಉಳಿಯುತ್ತವೆ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕಾದರೆ ತ್ವರಿತ ಅಳಿಸುವಿಕೆ ಸಾಲದು, ಪೂರ್ತಿ ಅಳಿಸಬೇಕು.

ಕೇಬಲ್ ಮತ್ತು ವಿದ್ಯುತ್ತು

ಲೇಸರ್ ಬರೆಯುತ್ತಿರುವಾಗ ಮಾಹಿತಿ ಸತತವಾಗಿ ಬರುತ್ತಿರಬೇಕು. ಒಂದು ಕಾಲದಲ್ಲಿ ಹರಿವು ಕಡಿದರೆ ಡಿಸ್ಕ್ ಹಾಳಾದಂತೆಯೇ ಆಗಿತ್ತು. 2000ದಲ್ಲಿ ಸ್ಯಾನ್ಯೊ ಕಂಪನಿಯ ಬರ್ನ್-ಪ್ರೂಫ್ ತಂತ್ರ ಬಂದ ಮೇಲೆ ಡ್ರೈವ್ ನಿಂತು, ಕಾದು, ನಿಂತಲ್ಲಿಂದ ಮುಂದುವರಿಸುವುದನ್ನು ಕಲಿತಿತು. ಹಾಗೆಂದು ಪದೇ ಪದೇ ನಿಲ್ಲುವುದು ಒಳ್ಳೆಯದಲ್ಲ; ಪ್ರತಿ ಬೆಸುಗೆಯಲ್ಲೂ ದೋಷಕ್ಕೆ ಅವಕಾಶವಿದೆ.

ಅಗಲವಾದ ರಿಬ್ಬನ್ ಕೇಬಲಿನ ಐಡಿಇ ಡ್ರೈವ್ ಇದ್ದು, ವಿಂಡೋಸ್ ಎಕ್ಸ್‌ಪಿ ನಡೆಯುತ್ತಿದ್ದರೆ ಒಂದು ವಿಚಿತ್ರವನ್ನು ತಿಳಿದಿರಬೇಕು. ಸಂಪರ್ಕದಲ್ಲಿ ಒಟ್ಟು ಆರು ದೋಷಗಳು ಕೂಡಿದ ಮೇಲೆ ಎಕ್ಸ್‌ಪಿ ಆ ಸಾಧನದ ವೇಗವನ್ನು ಹಂತಹಂತವಾಗಿ ಇಳಿಸುತ್ತ, ಕೊನೆಗೆ ಪಿಐಒ ಎಂಬ ಆಮೆನಡಿಗೆಗೆ ತಂದು ನಿಲ್ಲಿಸುತ್ತದೆ. ಮತ್ತೆ ತಾನಾಗಿ ಏರಿಸುವುದಿಲ್ಲ. ಗೀರುಬಿದ್ದ ಒಂದೆರಡು ಸಿಡಿ ಓದಿಸಿದ್ದರೂ ಇಷ್ಟಾಗಲು ಸಾಕು. ಬರೆಯುವಾಗ ಇಡೀ ಕಂಪ್ಯೂಟರ್ ತೂಕಡಿಸುವುದು ಇದರ ಲಕ್ಷಣ. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮರಳಿ ಚಾಲೂ ಮಾಡಿದರೆ ಡಿಎಂಎ ಎಂಬ ಮೊದಲಿನ ವೇಗ ಹಿಂದಿರುಗುತ್ತದೆ. ಮತ್ತೆ ಇಳಿದರೆ ಕೇಬಲ್ ಬದಲಿಸಬೇಕು.

ವಿದ್ಯುತ್ತಿನ ದೋಷಕ್ಕೆ ಬೇರೆ ಲಕ್ಷಣ. ಡಿಸ್ಕ್ ವೇಗ ಹಿಡಿಯುವ ಕ್ಷಣದಲ್ಲಿ ಡ್ರೈವ್ ಟಕ್ಕೆಂದು ಮರಳಿ ಆರಂಭವಾಗುತ್ತದೆ, ಅಥವಾ ವಿಂಡೋಸಿನಿಂದಲೇ ಮಾಯವಾಗುತ್ತದೆ. ವಯಸ್ಸಾದ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲಿ (ಎಸ್‌ಎಂಪಿಎಸ್) ಕೆಪ್ಯಾಸಿಟರ್‌ಗಳು ಉಬ್ಬಿದ್ದರೆ ಹೀಗಾಗುತ್ತದೆ. ಯುಎಸ್‌ಬಿಯಿಂದಲೇ ಕರೆಂಟು ಪಡೆಯುವ ತೆಳು ಡ್ರೈವ್‌ಗಳಿಗೂ ಇದೇ ಪಾಡು. ಯುಎಸ್‌ಬಿ 2.0 ಕೊಡುವ 500 ಮಿಲಿಆಂಪಿಯರ್ ಬರೆಯುವ ಹೊತ್ತಿಗೆ ಸಾಲದೇ ಹೋಗುತ್ತದೆ. ಎರಡು ಬಾಲದ ಕೇಬಲನ್ನು ಎರಡು ಪೋರ್ಟುಗಳಿಗೆ ಚುಚ್ಚಬೇಕು. ಮುಂಭಾಗದ ಪೋರ್ಟಿಗಿಂತ ಮದರ್‌ಬೋರ್ಡಿಗೆ ನೇರ ಸೇರಿದ ಹಿಂಭಾಗದ ಪೋರ್ಟು ಲೇಸು.

ತಂತ್ರಾಂಶದ ಪಾಲು

ತಂತ್ರಾಂಶ ಪೂರ್ತಿ ನಿರಪರಾಧಿಯೇನಲ್ಲ. ಎಕ್ಸ್‌ಪಿಯೊಡನೆ ಬಂದಿದ್ದ ಬರೆಯುವ ಸೌಲಭ್ಯ ಸಿಡಿಗಷ್ಟೇ ಸೀಮಿತವಾಗಿತ್ತು. ಎರಡು ಮೂರು ಬರ್ನಿಂಗ್ ತಂತ್ರಾಂಶ ಹಾಕಿ ತೆಗೆದ ಕಂಪ್ಯೂಟರಿನಲ್ಲಿ ಅವು ಬಿಟ್ಟುಹೋದ ಫಿಲ್ಟರ್ ಡ್ರೈವರುಗಳು ರಿಜಿಸ್ಟ್ರಿಯಲ್ಲಿ ಉಳಿದು, ಡ್ರೈವೇ ಕಾಣದಂತೆ ಮಾಡುತ್ತವೆ. ಇನ್ನೊಂದು ಹಳೆಯ ಕಾಟ ಫ್ಯಾಟ್32 ಪಾರ್ಟಿಷನ್: ಅದರಲ್ಲಿ ನಾಲ್ಕು ಗಿಗಾಬೈಟಿಗಿಂತ ದೊಡ್ಡ ಕಡತ ಹಿಡಿಯದು. ತಾತ್ಕಾಲಿಕ ಕಡತ ಅಲ್ಲಿ ತಯಾರಾಗುವಂತಿದ್ದರೆ ಲೇಸರ್ ಹೊತ್ತಿಕೊಳ್ಳುವ ಮೊದಲೇ ಕೆಲಸ ಬೀಳುತ್ತದೆ. ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟವರು ಬರೀ ಐಎಸ್‌ಒ 9660 ವಿಧಾನವನ್ನು ಆರಿಸಬಾರದು. ಯೂನಿಕೋಡ್ ಹೆಸರುಗಳು ಜೋಲಿಯೆಟ್ ಅಥವಾ ಯುಡಿಎಫ್ ವಿಧಾನದಲ್ಲಿ ಉಳಿಯುತ್ತವೆ.

ತಂತ್ರಾಂಶ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಲು ಸುಲಭ ದಾರಿಯೊಂದಿದೆ. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಚಾಲೂ ಮಾಡಿ, ಕೆ3ಬಿ ಅಥವಾ ಬ್ರಸೇರೊ ಎಂಬ ಬರ್ನಿಂಗ್ ತಂತ್ರಾಂಶದಲ್ಲಿ ಅದೇ ಡಬ್ಬಿಯ ಇನ್ನೊಂದು ಡಿಸ್ಕಿಗೆ ಬರೆಯುವುದು. ಅಲ್ಲೂ ಸೋತರೆ ವಿಂಡೋಸಿನ ತಂಟೆ ಬಿಡಬಹುದು.

ಶುಚಿ, ದುರಸ್ತಿ, ಪರಿಶೀಲನೆ

ಲೆನ್ಸು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಕಡ್ಡಿ ಸಾಕು. ಲೆನ್ಸು ಸ್ಪ್ರಿಂಗಿನಂಥ ಸೂಕ್ಷ್ಮ ತಂತಿಗಳ ಮೇಲೆ ಕೂತಿರುವುದರಿಂದ ಒತ್ತಬಾರದು. ಬಿಚ್ಚಿದ ಡ್ರೈವ್‌ಗೆ ಕರೆಂಟು ಕೊಟ್ಟು ಒಳಗೆ ಇಣುಕುವುದಂತೂ ಕೂಡದು. ಬರೆಯುವ ಲೇಸರ್ ಕಣ್ಣಿನ ಪರದೆಯನ್ನು ಸುಡಬಲ್ಲದು. ಬ್ರಷ್ ಅಂಟಿಸಿದ ‘ಕ್ಲೀನಿಂಗ್ ಡಿಸ್ಕು’ಗಳು ಲೆನ್ಸನ್ನು ಗೀಚುವ ಸಂಭವವಿದೆ. ಟ್ರೇ ತೆರೆಯದಿದ್ದರೆ ಹೆಚ್ಚಾಗಿ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಮುಖದ ಸಣ್ಣ ತೂತಿಗೆ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ತೂರಿಸಿದರೆ ಟ್ರೇ ಹೊರಬರುತ್ತದೆ.

ದಣಿದ ಲೇಸರನ್ನು ಬದಲಿಸುವ ದುರಸ್ತಿ ಖರ್ಚಿಗೆ ತಕ್ಕುದಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಡ್ರೈವ್ ಸಿಕ್ಕರೂ ಅದರ ಲೇಸರ್ ಎಷ್ಟು ಉರಿದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಕೊಳ್ಳುವುದಾದರೆ ಅಂಗಡಿಯಲ್ಲೇ ಒಂದು ಡಿಸ್ಕ್ ಬರೆಸಿ ನೋಡುವುದು ಮೇಲು.

ಬರೆದ ಡಿಸ್ಕನ್ನು ‘ವೆರಿಫೈ’ ಮಾಡಿಸುವುದು ವಾಡಿಕೆ, ಆದರೆ ತಾನು ಬರೆದದ್ದನ್ನು ತಾನೇ ಓದುವ ಡ್ರೈವ್‌ನ ಸಾಕ್ಷ್ಯ ಅರೆಬರೆ. ಡಿವಿಡಿಯ ದೋಷ ತಿದ್ದುವ ವ್ಯವಸ್ಥೆ ಬಲವಾದದ್ದು. ಹಾಳಾಗುತ್ತಿರುವ ಡಿಸ್ಕನ್ನೂ ಕೊನೆಯವರೆಗೆ ಸರಿ ಎಂದೇ ತೋರಿಸುತ್ತದೆ. ಮಾನಕದ ಪ್ರಕಾರ ದೋಷ ತಿದ್ದುವ ಸತತ ಎಂಟು ಖಂಡಗಳಲ್ಲಿ ಒಳಹಂತದ ದೋಷಗಳು ಒಟ್ಟು 280 ಮೀರಬಾರದು. ಕೆಲವು ಡ್ರೈವ್‌ಗಳಲ್ಲಿ ನೀರೋ ಡಿಸ್ಕ್‌ಸ್ಪೀಡ್ ಅಥವಾ ಕ್ಯೂಪಿಎಕ್ಸ್‌ಟೂಲ್ ಎಂಬ ತಂತ್ರಾಂಶಗಳು ಈ ಲೆಕ್ಕವನ್ನು ಗೆರೆಚಿತ್ರವಾಗಿ ಕೊಡುತ್ತವೆ. ಆ ಸೌಲಭ್ಯ ಇಲ್ಲದವರು ಮದುವೆಯ ವಿಡಿಯೋದಂಥ ಬೆಲೆಯುಳ್ಳ ಡಿಸ್ಕನ್ನು ಬೇರೊಂದು ಡ್ರೈವ್‌ಗೆ ಹಾಕಿ, ಒಳಗಿರುವುದೆಲ್ಲವನ್ನೂ ಹಾರ್ಡ್‌ಡಿಸ್ಕಿಗೆ ನಕಲಿಸಿ ನೋಡಬೇಕು. ಕೊನೆಯ ಕಡತಗಳ ಹೊತ್ತಿಗೆ ವೇಗ ಕುಸಿದು ಡ್ರೈವ್ ತಡವರಿಸಿದರೆ, ಮೂಲ ಕಡತಗಳನ್ನು ಅಳಿಸುವ ಮುನ್ನ ಇನ್ನೊಂದು ಡಿಸ್ಕಿಗೆ ಕಡಿಮೆ ತುಂಬಿಸಿ ಮತ್ತೆ ಬರೆಯಬೇಕು.