ಹೊಯ್ಸಳ ನಾಡಿನ ಕೆರೆಗಳು: ಬಳಕೆ ಮತ್ತು ರಕ್ಷಣೆ

ಹಾರನಹಳ್ಳಿ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು 13ನೆಯ ಶತಮಾನದ ಚೆನ್ನಕೇಶವ, ಸೋಮೇಶ್ವರ ದೇವಾಲಯಗಳು. ಶಿಲ್ಪದ ಸೊಬಗಿನಲ್ಲಿ ಮನಸ್ಸು ನೆಟ್ಟಾಗ ಆ ಶಿಲ್ಪಕ್ಕೆ ಆಧಾರವಾದ ನೀರನ್ನು ನಾವು ಮರೆಯುವುದುಂಟು. ಈ ಸೀಮೆಯ ಊರ ಹೆಸರುಗಳೇ ಅದನ್ನು ಸ್ಮರಣೆಗೆ ತರುತ್ತವೆ. ಅರಸಿಯ ಕೆರೆಯಿಂದ ಅರಸೀಕೆರೆಯಾಯಿತು; ಹಳೇಬೀಡು ಹಿಂದೆ ದೋರಸಮುದ್ರವೆನಿಸಿತ್ತು. ಇಲ್ಲಿ ಸಮುದ್ರವೆಂದರೆ ಕಡಲಲ್ಲ, ಹಿರಿಯ ಕೆರೆ.

ಮಲೆನಾಡಿನಿಂದ ಪೂರ್ವಕ್ಕೆ ಸರಿದಂತೆ ಮಳೆ ಕ್ಷೀಣಿಸುವುದರಿಂದ ಅರಸೀಕೆರೆಯ ಬಯಲಿನಲ್ಲಿ ಬೇಸಾಯಕ್ಕೆ ಕೆರೆಯೇ ಆಸರೆಯಾಗಿತ್ತು. ಕೆರೆಗಾದರೋ ಹೂಳೇ ದೊಡ್ಡ ಶತ್ರು. ಆರೈಕೆ ತಪ್ಪಿದರೆ ತೂಬು ಕೆಡುತ್ತದೆ, ಏರಿ ಬಿರಿಯುತ್ತದೆ. ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 5ನೆಯ ಸಂಪುಟವಾಗಿ ಹೊರತಂದ ಹಾಸನ ಜಿಲ್ಲೆಯ ಶಾಸನಗಳನ್ನು ಓದುವವರಿಗೆ ದೇವರ ದತ್ತಿಯ ಜೊತೆಗೆ ಕೆರೆಯ ಮಾತೂ ಎದುರಾಗುತ್ತದೆ. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟವೆಂಬ ಏರ್ಪಾಡಿನಲ್ಲಿ ಕೆರೆಯ ಕೆಳಗಣ ಉತ್ಪತ್ತಿಯ ಒಂದಂಶ ಕೆರೆಯ ಪೋಷಣೆಗೇ ಮೀಸಲು. ನೀರುಂಡ ಗದ್ದೆಯೇ ನೀರಿನ ಋಣವನ್ನು ತೀರಿಸಬೇಕೆಂಬುದು ಅದರ ತತ್ತ್ವ. ಬಳಕೆ, ರಕ್ಷಣೆ ಎರಡೂ ಒಂದೇ ಕಟ್ಟಳೆಯಲ್ಲಿ ಹೆಣೆದುಕೊಂಡಿದ್ದವು.

ಹಾಗೆಂದು ಆ ಕಾಲವನ್ನು ನಾವು ಅತಿಯಾಗಿ ಕೊಂಡಾಡಬೇಕಾಗಿಲ್ಲ. ದಾನಿಯ ಹೆಸರು ಶಿಲೆಯಲ್ಲಿ ನಿಂತಿತು. ಮಣ್ಣು ಹೊತ್ತವರ ಹೆಸರು ಬಹುಮಟ್ಟಿಗೆ ಉಳಿಯಲಿಲ್ಲ. ಆದರೂ ವ್ಯವಸ್ಥೆಯ ಅರ್ಥ ಸ್ಪಷ್ಟವಾಗಿದೆ. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪಿತವಾದ ಮೇಲೆ ಕೆರೆಗಳ ಹೊಣೆ ಕ್ರಮೇಣ ಸರ್ಕಾರದತ್ತ ಸರಿಯಿತು. ನೀರನ್ನು ಬಳಸುವವರು ಒಂದೆಡೆ, ಕಾಯುವವರು ಇನ್ನೊಂದೆಡೆ ಆದರು.

ಇಂದು ಈ ಪ್ರಶ್ನೆ ಘಟ್ಟದ ನೆತ್ತಿಗೇರಿದೆ. ಸಕಲೇಶಪುರದ ಕಡೆಯ ಪಶ್ಚಿಮವಾಹಿನಿ ಹೊಳೆಗಳಿಂದ ಮಳೆಗಾಲದಲ್ಲಿ 24.01 ಟಿ.ಎಂ.ಸಿ. ನೀರನ್ನೆತ್ತಿ ಪೂರ್ವದ ಒಣ ಸೀಮೆಗೆ ಹರಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ಬಯಲಿನವರ ಬಾಯಾರಿಕೆ ಸುಳ್ಳಲ್ಲ. ಘಟ್ಟದ ಕಾಡು ಮತ್ತು ಕೆಳಗಣ ನೇತ್ರಾವತಿಯ ಬಗೆಗೆ ಕರಾವಳಿಯವರು ತಳೆದ ಆತಂಕವೂ ಸುಳ್ಳಲ್ಲ. ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಿರೆಂದು ಇತಿಹಾಸವು ಹೇಳದು. ಆದರೆ ಅದು ಎರಡು ಮಾತನ್ನು ಕೇಳುತ್ತದೆ: ಹೊರಗಿನ ನೀರು ಬರುವ ಮುನ್ನ ಊರಿನ ಕೆರೆಯ ಹೂಳು ತೆಗೆದಿದೆಯೇ? ನೀರು ಪಡೆದ ನಾಡು ನೀರು ಕೊಟ್ಟ ಕಾಡಿಗೆ ಯಾವ ಬಿತ್ತುವಟ್ಟವನ್ನು ಬಿಟ್ಟಿದೆ? ಈ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ನಮ್ಮ ಲೆಕ್ಕ ಪೂರ್ಣವಾಗದೆಂದೇ ನಾವು ಭಾವಿಸುತ್ತೇವೆ.